ಸಣ್ಣ ಕೈಗೆ ಯಾವ ರಿವಾಲ್ವರ್? ಅಪ್ಪನದ್ದು ನನ್ನ ಕೈಗೆ ಕೂರುತ್ತಿಲ್ಲ

ಬದಿಯಡ್ಕದ ಅಡಿಕೆ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಅಡಿಕೆ ಧಾರಣೆ, ಕೊಳೆರೋಗ, ಹಂದಿ ಕಾಟ ಅಂತ ಮಾತ್ರ ಬರೆದವಳು ನಾನು. ಇವತ್ತು ಬೇರೆ ವಿಷಯ. ನಗಬೇಡಿ.

ಅಪ್ಪ ತೀರಿಕೊಂಡು ಒಂದೂವರೆ ವರ್ಷ ಆಯಿತು. ಅವರ ಹೆಸರಿನಲ್ಲಿ ಒಂದು .32 ರಿವಾಲ್ವರ್ ಇತ್ತು (.32 ಎಂದರೆ ನಳಿಗೆಯ ತೂತಿನ ಅಳತೆ, ಇಂಚಿನಲ್ಲಿ). ಕಾನ್ಪುರದ ಸರಕಾರಿ ಕಾರ್ಖಾನೆಯದ್ದು. ನಡುವೆ ಮಡಚಿ ತೋಟೆ ತುಂಬುವಂಥದ್ದು, ಆರು ತೋಟೆ ಹಿಡಿಯುತ್ತದೆ. ಅವರು ಹೋದ ಮೇಲೆ ಡೀಲರ್ ಹತ್ತಿರ ಡಿಪಾಸಿಟ್ ಇಟ್ಟಿದ್ದೆವು. ವಾರಸುದಾರಳು ಅಂತ ನಾನು ಅರ್ಜಿ ಹಾಕಿದೆ. ತನ್ನ ತಕರಾರು ಇಲ್ಲ ಅಂತ ತಮ್ಮ ಬೆಂಗಳೂರಿನಿಂದ ಅಫಿಡವಿಟ್ ಕಳಿಸಿದ. ವಿದ್ಯಾನಗರದ ಕಲೆಕ್ಟರೇಟಿಗೆ ನಾಲ್ಕಾರು ಸಲ ಹೋಗಿ ಬಂದು, ಕಳೆದ ತಿಂಗಳು ಲೈಸೆನ್ಸ್ ಕೈಗೆ ಸಿಕ್ಕಿತು.

ಈಗ ತೊಂದರೆ ಏನೆಂದರೆ ನನ್ನ ಕೈ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿವರೆಗೆ ಅಳೆದರೆ 16 ಸೆಂಟಿಮೀಟರ್. ಬಳೆ ಅಂಗಡಿಯಲ್ಲಿ ಮಕ್ಕಳ ಬಳೆ ಕೊಡುತ್ತಾರೆ. ರಿವಾಲ್ವರ್ ಹಿಡಿದರೆ ಟ್ರಿಗರ್ ಮೇಲೆ ತೋರುಬೆರಳಿನ ತುದಿ ಮಾತ್ರ ತಾಗುತ್ತದೆ. ಪರಿಚಯದ ಒಂದು ರೇಂಜಿನಲ್ಲಿ ಹನ್ನೆರಡು ಈಡು ಹೊಡೆದೆ. ನಾಲ್ಕು ಮಾತ್ರ ಕಾಗದಕ್ಕೆ ಬಿತ್ತು, ನಾಲ್ಕೂ ಎಡಗಡೆ. ಉಳಿದ ಎಂಟು ಎಲ್ಲಿ ಹೋಯಿತೋ ಮಣ್ಣಿನ ದಿಬ್ಬಕ್ಕೇ ಗೊತ್ತು.

ಡೀಲರ್ ಹೇಳುವುದು, ಇದನ್ನು ಕೊಟ್ಟುಬಿಡಿ, ಹೆಂಗಸರಿಗೆ ಅಂತಲೇ ಮಾಡಿದ ಹಗುರದ್ದು ತೆಗೆದುಕೊಳ್ಳಿ ಎಂದು. ಲಕ್ಷಕ್ಕಿಂತ ಜಾಸ್ತಿ ಬೀಳುತ್ತದೆ. ಸಣ್ಣ ಕೈಗೆ ಸಣ್ಣ ಹತ್ಯಾರು ಅಂತ ಕೇಳುವುದಕ್ಕೆ ಸರಿಯೇ ಕಾಣುತ್ತದೆ. ಆದರೂ ಅಷ್ಟು ದುಡ್ಡು ಸುಮ್ನೆ ಸುರಿಯುವ ಮೊದಲು ಇಲ್ಲಿ ಬಲ್ಲವರನ್ನು ಕೇಳೋಣ ಅನಿಸಿತು.

ಯೂಟ್ಯೂಬ್ ಭಾವ:
ಅಕ್ಕ, ಇದಕ್ಕೆಲ್ಲ ಇಷ್ಟು ತಲೆಬಿಸಿ ಯಾಕೆ? ಸಿಗ್ ಪಿ 365 ಅಂತ ಇದೆ. ಅಂಗೈಯಷ್ಟೇ ದೊಡ್ಡದು, ಹತ್ತು ತೋಟೆ ಹಿಡಿಯುತ್ತದೆ. ಇಲ್ಲವಾದರೆ ಗ್ಲಾಕ್ 43. ಅಮೆರಿಕದ ಹೆಂಗಸರೆಲ್ಲ ಅದನ್ನೇ ಹಿಡಿಯುವುದು. ನಾನು ಕಡಿಮೆ ಅಂದರೆ ನಲವತ್ತು ವಿಡಿಯೋ ನೋಡಿದ್ದೇನೆ.

ಮಂಜೇಶ್ವರ ಹವಾಲ್ದಾರ್:
ಭಾವ, ವಿಡಿಯೋ ನೋಡಿ ಲೈಸೆನ್ಸ್ ಸಿಗುವುದಾದರೆ ಕಾಸರಗೋಡಿನಲ್ಲಿ ಮನೆಗೊಂದು ಫಿರಂಗಿ ಇರುತ್ತಿತ್ತು. ನೀವು ಹೇಳಿದ ಎರಡೂ 9 ಎಂಎಂ ಪ್ಯಾರಾಬೆಲ್ಲಂ ತೋಟೆಯವು. ನಮ್ಮ ದೇಶದಲ್ಲಿ ಅದು ಪ್ರೊಹಿಬಿಟೆಡ್ ಬೋರ್, ಅಂದರೆ ನಿಷೇಧಿತ ಅಳತೆ. ಪೊಲೀಸರು, ಸೈನ್ಯದವರು ಹಿಡಿಯುವುದು, ನಮ್ಮ ನಿಮ್ಮಂಥವರಿಗೆ ಇಲ್ಲ. ಇನ್ನು ವಿದೇಶದಿಂದ ತರಿಸುವುದು 1980ರ ದಶಕದ ನಡುವಿನಿಂದಲೇ ಸಾಮಾನ್ಯರಿಗೆ ನಿಂತುಹೋಗಿದೆ. ಅದಕ್ಕೂ ಮೊದಲು ಬಂದ ಹಳೇ ವಾಲ್ಥರ್, ಬ್ರೌನಿಂಗ್‌ಗಳು ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಅವುಗಳ ರೇಟು ಕೇಳಿದರೆ ಒಂದೆಕರೆ ತೋಟದ ಲೆಕ್ಕ ಹೇಳುತ್ತಾರೆ.

ಹಾಗಾಗಿ ಅಕ್ಕನಿಗೆ ನಿಜವಾಗಿ ಇರುವ ದಾರಿ .32 ರಿವಾಲ್ವರ್, .32 ಪಿಸ್ತೂಲು, ಅಥವಾ .22. ಮೂರೂ ಇಲ್ಲಿಯೇ ತಯಾರಾಗುತ್ತವೆ.

ರಾತ್ರಿ ಕೂತು ಉದ್ದಕ್ಕೆ ಬರೆಯುತ್ತೇನೆ. ಈಗ ಮೊಮ್ಮಗಳನ್ನು ಶಾಲೆಯಿಂದ ತರಬೇಕು.

ಯೂಟ್ಯೂಬ್ ಭಾವ:
ಹೌದಾ? ನಲವತ್ತು ವಿಡಿಯೋ ನೀರಿಗೆ ಹೋಯಿತು ಮಾರಾಯ್ರೆ.

ಪೆರ್ಲದ ಅತ್ತೆ:
ಮಗಳೇ, ಬೇಸರ ಮಾಡಬೇಡ. ಒಂದು ಮಾತು ಕೇಳುತ್ತೇನೆ. ಅದು ನಿನಗೆ ಬೇಕಾ? ಅಪ್ಪನ ಕಾಲದಲ್ಲಿ ನೋಟಿನ ಕಟ್ಟು ಚೀಲದಲ್ಲಿ ಹಾಕಿಕೊಂಡು ಅಡಿಕೆ ಕೊಳ್ಳಲು ಹೋಗುತ್ತಿದ್ದರು. ಈಗ ಎಲ್ಲ ಬ್ಯಾಂಕಿಗೆ ಹೋಗುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಒಂದು ಒಳ್ಳೆ ನಾಯಿ ಸಾಕದಾ?

ಬದಿಯಡ್ಕದ ಅಡಿಕೆ:
ಅತ್ತೆ, ಎರಡು ನಾಯಿ ಇವೆ. ಒಂದಕ್ಕೆ ಹನ್ನೊಂದು ವರ್ಷ, ಇನ್ನೊಂದು ಬಂದವರ ಕಾಲು ನೆಕ್ಕುತ್ತದೆ. ನೀವು ಕೇಳಿದ್ದು ಸರಿಯಾದ ಪ್ರಶ್ನೆಯೇ. ನಾನೂ ನನ್ನನ್ನೇ ಕೇಳಿಕೊಂಡಿದ್ದೇನೆ. ಇವರು ಇರುವುದು ಶಾರ್ಜಾದಲ್ಲಿ. ಮನೆಯಿಂದ ರಸ್ತೆಗೆ ಎಂಟುನೂರು ಮೀಟರ್. ಸುಲಿದ ಅಡಿಕೆ ಅಂಗಳದಲ್ಲಿ ಇರುವ ತಿಂಗಳುಗಳಲ್ಲಿ ನಿದ್ದೆ ಬರುವುದಿಲ್ಲ. ಮಕ್ಕಳಿಬ್ಬರೂ ಹಾಸ್ಟೆಲ್ಲಿನಲ್ಲಿದ್ದಾರೆ. ರಿವಾಲ್ವರ್ ಇರುವುದು ಗೋಡೆಗೆ ಬೋಲ್ಟು ಹಾಕಿದ ಲಾಕರಿನಲ್ಲಿ, ತೋಟೆ ಬೇರೆ ಕೋಣೆಯಲ್ಲಿ. ಇಷ್ಟರ ಮೇಲೆ ಸತ್ಯ ಹೇಳಬೇಕೆಂದರೆ, ಅದು ಅಪ್ಪನದ್ದು. ಪೊಲೀಸ್ ಠಾಣೆಯಲ್ಲಿ ತುಕ್ಕು ಹಿಡಿಯಲು ಬಿಡುವ ಮನಸ್ಸಿಲ್ಲ.

ಪೆರ್ಲದ ಅತ್ತೆ:
ಅದು ಅರ್ಥವಾಯಿತು. ಹಾಗಿದ್ದರೆ ಸರಿಯಾಗಿ ಕಲಿತುಕೋ.

ಕೇಪಿನ ಕೋವಿ:
ಮುಳ್ಳೇರಿಯದಿಂದ ಒಬ್ಬ ಮುದುಕ. ನಾನು ಹದಿನಾರನೇ ವಯಸ್ಸಿನಲ್ಲಿ ಕೇಪಿನ ಕೋವಿ, ಅಂದರೆ ನಳಿಗೆಯ ಬಾಯಿಯಿಂದ ಮದ್ದು ತುಂಬುವಂಥದ್ದು, ಹಿಡಿದವ. ಆಮೇಲೆ ತೋಟೆ ಕೋವಿ. ರಿವಾಲ್ವರ್ ನನ್ನದಲ್ಲ. ಹಂದಿಗೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ರಿವಾಲ್ವರಿನಲ್ಲಿ ಹಂದಿ ಹೊಡೆಯುವುದು ಎಂದರೆ ಹಂದಿಗೆ ಸಿಟ್ಟು ಬರಿಸುವುದು. ಅದಕ್ಕೆ 2022ರಿಂದ ಪಂಚಾಯತ್ ಅಧ್ಯಕ್ಷರೇ ಅನುಮತಿ ಕೊಡುವ ವ್ಯವಸ್ಥೆ ಕೇರಳದಲ್ಲಿ ಬಂದಿದೆ, ಲೈಸೆನ್ಸ್ ಇರುವ ತೋಟೆ ಕೋವಿಯವರು ಬಂದು ಹೊಡೆಯುತ್ತಾರೆ.

ಕೈಯ ವಿಷಯ ಮಾತ್ರ ನನಗೆ ಗೊತ್ತು. ಚಿಕ್ಕಂದಿನಲ್ಲಿ ನನಗೆ ಅಜ್ಜನ ಕೋವಿ ಉದ್ದ ಆಗುತ್ತಿತ್ತು. ಹಿಂಬದಿಯ ಮರ ಕಂಕುಳಿನ ಕೆಳಗೆ ಹೋಗುತ್ತಿತ್ತು. ಅಜ್ಜ ಕೋವಿ ಬದಲಿಸಲಿಲ್ಲ. ಆಚಾರಿಯನ್ನು ಕರೆಸಿ ಮರವನ್ನು ಎರಡು ಬೆರಳು ಕಡಿಮೆ ಮಾಡಿಸಿದರು. ಅಷ್ಟೇ. ಆ ವರ್ಷದಿಂದ ಈಡು ಬೀಳಲು ಶುರುವಾಯಿತು.

ಮಂಜೇಶ್ವರ ಹವಾಲ್ದಾರ್:
ಬಂದೆ. ಅಜ್ಜ ನಾನು ಹೇಳಬೇಕಾದ್ದನ್ನು ನಾಲ್ಕು ಸಾಲಿನಲ್ಲಿ ಹೇಳಿಬಿಟ್ಟರು. ಆದರೂ ಬಿಡಿಸಿ ಬರೆಯುತ್ತೇನೆ.

ಅಕ್ಕ, ಸಣ್ಣ ಕೈ ಎನ್ನುವಾಗ ನಾವು ಎರಡು ಬೇರೆ ಬೇರೆ ಅಳತೆಯನ್ನು ಒಂದೇ ಮಾಡಿಬಿಡುತ್ತೇವೆ. ಒಂದು, ಹಿಡಿಯ ಸುತ್ತಳತೆ. ನಿಮ್ಮ ಬೆರಳುಗಳು ಹಿಡಿಯನ್ನು ಸುತ್ತಿ ಬರುತ್ತವೆಯೇ ಎಂದು. ಇನ್ನೊಂದು, ಹಿಡಿಯ ಬೆನ್ನಿನಿಂದ ಟ್ರಿಗರ್‌ವರೆಗಿನ ದೂರ. ಈಡು ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ ಈ ಎರಡನೆಯದೇ ಮುಖ್ಯ. ನಳಿಗೆ ಎಷ್ಟು ಉದ್ದ, ಒಟ್ಟು ತೂಕ ಎಷ್ಟು ಎನ್ನುವುದಕ್ಕೂ ನಿಮ್ಮ ಬೆರಳಿಗೂ ಸಂಬಂಧವೇ ಇಲ್ಲ. ಅಂಗಡಿಯವರು ನಳಿಗೆ ತುಂಡಾಗಿರುವುದನ್ನು ತೋರಿಸಿ ಸಣ್ಣ ಕೈಗೆ ಸರಿ ಎನ್ನುತ್ತಾರೆ. ಚಪ್ಪಲಿಯ ಹಿಮ್ಮಡಿ ಎತ್ತರ ನೋಡಿ ಪಾದದ ಅಳತೆ ಹೇಳಿದ ಹಾಗೆ ಅದು.

ಮನೆಯಲ್ಲೇ ನೋಡಬಹುದು. ಮೊದಲು ತೋಟೆ ಇನ್ನೊಂದು ಕೋಣೆಯಲ್ಲಿರಲಿ. ರಿವಾಲ್ವರ್ ಮಡಚಿ, ಸಿಲಿಂಡರಿನ ಆರೂ ತೂತು ಖಾಲಿ ಅಂತ ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಿ. ನಗು ಬರಬಹುದು, ಇಪ್ಪತ್ತೆರಡು ವರ್ಷ ನಾನು ದಿನಾ ಹೀಗೇ ನೋಡಿದವ. ಆಮೇಲೆ ಮಣ್ಣಿನ ಗೋಡೆಯ ಕಡೆಗೆ ಮುಖ ಮಾಡಿ, ಹೆಬ್ಬೆರಳು ತೋರುಬೆರಳ ನಡುವಿನ ಸಂದು ಹಿಡಿಯ ಬೆನ್ನಿನ ಮೇಲ್ತುದಿಗೆ ಒತ್ತಿ ಕೂರುವಂತೆ ಹಿಡಿಯಿರಿ. ನಳಿಗೆ ಮತ್ತು ಮುಂಗೈ ಮೂಳೆ ಒಂದೇ ಗೆರೆಯಲ್ಲಿರಬೇಕು. ಈಗ ತೋರುಬೆರಳನ್ನು ಟ್ರಿಗರ್ ಮೇಲೆ ಇಡಿ. ಮೊದಲ ಗೆಣ್ಣಿನ ಮೆತ್ತನೆ ಭಾಗದ ನಡುವೆ ಟ್ರಿಗರ್ ಕೂತರೆ ಅಳತೆ ಸರಿ. ಉಗುರಿನ ತುದಿ ಮಾತ್ರ ತಾಗಿದರೆ ದೂರ ಜಾಸ್ತಿ.

ದೂರ ಜಾಸ್ತಿ ಆದಾಗ ನಾವು ಮಾಡುವುದು ಎರಡೇ. ಬೆರಳ ತುದಿಯಲ್ಲೇ ಎಳೆಯುತ್ತೇವೆ. ಆಗ ಟ್ರಿಗರ್ ನೇರ ಹಿಂದಕ್ಕೆ ಬರುವುದಿಲ್ಲ, ಬಲಗೈಯವರದ್ದು ಎಡಕ್ಕೆ ತಳ್ಳಿಹೋಗುತ್ತದೆ. ನಿಮ್ಮ ನಾಲ್ಕು ಈಡು ಎಡಕ್ಕೆ ಬಿದ್ದದ್ದು ಇದೇ ಕತೆ. ಇಲ್ಲವಾದರೆ ಬೆರಳು ಮುಟ್ಟಲಿ ಅಂತ ರಿವಾಲ್ವರನ್ನೇ ಅಂಗೈಯಲ್ಲಿ ತಿರುಗಿಸಿಕೊಳ್ಳುತ್ತೇವೆ. ಆಗ ಹೊಡೆತ ಹೆಬ್ಬೆರಳಿನ ಗೆಣ್ಣಿಗೆ ಬರುತ್ತದೆ. ಹತ್ತು ಈಡಿನ ನಂತರ ಅಲ್ಲಿ ನೋಯುತ್ತದೆಯೇ?

ಬದಿಯಡ್ಕದ ಅಡಿಕೆ:
ನೋಯುತ್ತದೆ! ಮರುದಿನ ಕತ್ತಿ ಹಿಡಿದು ಮೀನು ಕೊಯ್ಯಲು ಆಗಲಿಲ್ಲ. ತೂಕದಿಂದ ಹಾಗಾಯಿತು ಅಂದುಕೊಂಡಿದ್ದೆ.

ಮಂಜೇಶ್ವರ ಹವಾಲ್ದಾರ್:
ತೂಕ ನಿಮ್ಮ ಶತ್ರು ಅಲ್ಲ. ಮಿತ್ರ. ಡೀಲರ್ ಹೇಳಿದ್ದು ಬಹುಶಃ ನಿರ್ಭೀಕ್. 2014ರಲ್ಲಿ ಕಾನ್ಪುರದಿಂದ ಬಂತು. ಟೈಟಾನಿಯಂ ಮಿಶ್ರಲೋಹ, ತೂಕ ಅರ್ಧ ಕಿಲೋ ಆಸುಪಾಸು, ಬಿಡುಗಡೆಯ ಸಮಯದ ಬೆಲೆ 1.22 ಲಕ್ಷ. ಹೆಂಗಸರಿಗಾಗಿ ಅಂತ ದೊಡ್ಡ ಸುದ್ದಿ ಆಗಿತ್ತು. ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗುವವರಿಗೆ ಹಗುರ ಬೇಕು, ಒಪ್ಪುತ್ತೇನೆ. ಆದರೆ ಅದೇ ತೋಟೆಯನ್ನು ಹಗುರ ಹತ್ಯಾರಿನಲ್ಲಿ ಹೊಡೆದರೆ ಕೈಗೆ ಬರುವ ಒದೆತ ಜಾಸ್ತಿಯೇ. .32 ತೋಟೆಯ ಒದೆತ ಮೊದಲೇ ಕಡಿಮೆ, ಹಾಗಾಗಿ ಕೈ ಮುರಿಯುವಷ್ಟು ಅಲ್ಲ. ಆದರೂ ಹೊಸಬರು ಕಣ್ಣು ಮುಚ್ಚಿ ಎಳೆಯಲು ಅಷ್ಟು ಸಾಕು. ಡಬಲ್ ಆ್ಯಕ್ಷನ್‌ನಲ್ಲಿ (ಟ್ರಿಗರ್ ಎಳೆತವೇ ಕುದುರೆಯನ್ನು, ಅಂದರೆ ತೋಟೆಗೆ ಬಡಿಯುವ ಹಿಂದಿನ ಸುತ್ತಿಗೆಯನ್ನು, ಎತ್ತಿ ಬಿಡುವುದು) ಎಳೆಯುವಾಗ ಹಗುರದ್ದು ಅಲುಗುವುದೂ ಹೆಚ್ಚು. 5 ಕಿಲೋ ಭಾರ ಎಳೆಯಬೇಕಾದ ಟ್ರಿಗರನ್ನು ಅರ್ಧ ಕಿಲೋ ತೂಕದ ಹತ್ಯಾರಿಗೆ ಕಟ್ಟಿದರೆ ಯಾವುದು ಯಾವುದನ್ನು ಎಳೆಯುತ್ತದೆ, ಯೋಚಿಸಿ ನೋಡಿ.

ಲೈಸೆನ್ಸಿನ ವಿಷಯವೂ ಇದೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಹತ್ಯಾರು. ಮೊದಲು ಮೂರು ಇತ್ತು. ಅಪ್ಪನ ತೋಟೆ ಕೋವಿಯೂ ನಿಮ್ಮ ಹೆಸರಿಗೆ ಬಂದಿದ್ದರೆ ಮೂರನೆಯದಕ್ಕೆ ಜಾಗ ಇಲ್ಲ.

ಬದಿಯಡ್ಕದ ಅಡಿಕೆ:
ತೋಟೆ ಕೋವಿ ತಮ್ಮನಿಗೆ ಹೋಯಿತು. ನನ್ನ ಪುಸ್ತಕದಲ್ಲಿ ಇದೊಂದೇ.

ಹತ್ತು ಮೀಟರ್:
ಅಕ್ಕ, ನಾನು ಉಪ್ಪಳದವಳು, ಮಂಗಳೂರಿನಲ್ಲಿ ಓದುತ್ತಿದ್ದೇನೆ. 10 ಮೀಟರ್ ಏರ್ ಪಿಸ್ತೂಲು ಹೊಡೆಯುತ್ತೇನೆ. ನನ್ನ ಕೈಯೂ ನಿಮ್ಮಷ್ಟೇ. 16.3.

ನಮ್ಮ ಆಟದಲ್ಲಿ ಯಾರೂ ಸಣ್ಣ ಕೈಗೆ ಸಣ್ಣ ಪಿಸ್ತೂಲು ಕೊಡುವುದಿಲ್ಲ. ಮೊರಿನಿ, ಸ್ಟೇಯರ್, ವಾಲ್ಥರ್, ಪರ್ದಿನಿ, ಯಾವುದೇ ಇರಲಿ, ಪಿಸ್ತೂಲು ಅದೇ, ಮರದ ಹಿಡಿ ಮಾತ್ರ ಸಣ್ಣ, ನಡು, ದೊಡ್ಡ ಅಂತ ಬೇರೆ ಬೇರೆ ಅಳತೆಯಲ್ಲಿ ಬರುತ್ತದೆ. ಸಣ್ಣ ಹಿಡಿಯೂ ಸರಿಯಾಗದಿದ್ದರೆ ಅರದಿಂದ ಉಜ್ಜುತ್ತೇವೆ. ಕಡಿಮೆ ಬಿದ್ದ ಕಡೆ ಮರದ ಪುಟ್ಟಿ ತುಂಬುತ್ತೇವೆ. ನನ್ನ ಹಿಡಿ ನೋಡಿದರೆ ಗೆದ್ದಲು ತಿಂದ ಕಿಟಕಿಯ ಹಾಗೆ ಇದೆ. ಅಮ್ಮ ಅದನ್ನು ಯಾರಿಗೂ ತೋರಿಸಬೇಡ ಎನ್ನುತ್ತಾರೆ.

ಕಿರಿಯರಿಗೆ ನಳಿಗೆ ತುಂಡಾದ, ಹಗುರ ಮಾದರಿಗಳೂ ಇವೆ. ಅದು ತೋಳಿನ ಬಲಕ್ಕಾಗಿ, ಕೈಯ ಅಳತೆಗಲ್ಲ. ನಿಯಮದಲ್ಲಿ ಏರ್ ಪಿಸ್ತೂಲು 1.5 ಕಿಲೋವರೆಗೆ ಇರಬಹುದು, ಟ್ರಿಗರ್ 500 ಗ್ರಾಮಿಗಿಂತ ಹಗುರ ಇರಬಾರದು. ಒಂದೇ ಕೈಯಲ್ಲಿ ಹಿಡಿದು, ಗುರಿಹಲಗೆಯ ನಡುವಿನ 11.5 ಮಿಲಿಮೀಟರಿನ ಹತ್ತನೇ ವೃತ್ತಕ್ಕೆ ಹೊಡೆಯಬೇಕು. ಅರುವತ್ತು ಸಲ. ಹಿಡಿ ಒಂದು ಮಿಲಿಮೀಟರ್ ತಪ್ಪಿದರೂ ಮೂವತ್ತನೇ ಈಡಿಗೆ ಗೊತ್ತಾಗುತ್ತದೆ. ಪ್ಯಾರಿಸ್‌ನಲ್ಲಿ 2024ರಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ನಮ್ಮ ರೇಂಜಿಗೆ ಬರುವ ಹುಡುಗಿಯರು ಜಾಸ್ತಿ ಆಗಿದ್ದಾರೆ. ಬಂದವರಿಗೆಲ್ಲ ಮೊದಲು ಕೈಯ ನೆರಳು ಕಾಗದದ ಮೇಲೆ ಬಿಡಿಸಲು ಹೇಳುತ್ತಾರೆ.

ಒಂದು ಪ್ರಶ್ನೆ. ನಿಮ್ಮ ರಿವಾಲ್ವರಿನ ಹಿಡಿ ಹೇಗಿದೆ? ಪ್ಲಾಸ್ಟಿಕ್ಕಾ, ಮರವಾ, ದಪ್ಪವಾ?

ತಲಪಾಡಿ ಗೇಟು:
ನಡುವೆ ಬಾಯಿ ಹಾಕುತ್ತೇನೆ. ಅಕ್ಕ, ನೀವು ರೇಂಜಿಗೆ ಅಂತ ಮಂಗಳೂರಿಗೆ ತರುವ ಯೋಚನೆ ಇದ್ದರೆ ಲೈಸೆನ್ಸಿನಲ್ಲಿ ಏರಿಯಾ ವ್ಯಾಲಿಡಿಟಿ ನೋಡಿ. ಕೇರಳ ಮಾತ್ರ ಅಂತ ಬರೆದಿದ್ದರೆ ತಲಪಾಡಿಯ ರಾಜ್ಯ ಗಡಿ ದಾಟಬಾರದು. ನಮಗೆಲ್ಲ ಆಸ್ಪತ್ರೆ, ಕಾಲೇಜು, ಸೀರೆ, ಎಲ್ಲದಕ್ಕೂ ಮಂಗಳೂರೇ. ಮನಸ್ಸಿಗೆ ಗಡಿ ಅಂತ ಅನಿಸುವುದೇ ಇಲ್ಲ. ಹತ್ಯಾರಿಗೆ ಮಾತ್ರ ಅದು ಬೇರೆ ರಾಜ್ಯ. ನನ್ನ ಮಾವನೊಬ್ಬರು ಕಾರಿನ ಸೀಟಿನ ಕೆಳಗೆ ಮರೆತು ದಾಟಿಬಿಟ್ಟು, ಆಮೇಲೆ ಬೆವರಿಕೊಂಡು ವಾಪಸು ಬಂದಿದ್ದರು. ಚುನಾವಣೆ ಬಂದರೆ ಠಾಣೆಗೆ ಡಿಪಾಸಿಟ್ ಮಾಡಲು ಹೇಳುತ್ತಾರೆ, ಅದರ ರಸೀದಿ ಜೋಪಾನ.

ಬದಿಯಡ್ಕದ ಅಡಿಕೆ:
ಕೇರಳ ಮಾತ್ರ ಅಂತಲೇ ಇದೆ. ಒಳ್ಳೆದಾಯಿತು ಹೇಳಿದ್ದು. ಅವರು ಕೊಟ್ಟ ಕಾಗದ ಮಲಯಾಳದಲ್ಲಿ ಇತ್ತು, ಪಕ್ಕದ ಮನೆಯ ಟೀಚರ್ ಹತ್ತಿರ ಓದಿಸಿಕೊಂಡಿದ್ದೆ. ಅವರು ಈ ಸಾಲನ್ನು ಹಾರಿಸಿಬಿಟ್ಟಿದ್ದರು.

ಹತ್ತು ಮೀಟರ್ ತಂಗಿ, ಹಿಡಿ ಮರದ್ದು. ಕಂದು ಹಳದಿ ಬಣ್ಣ, ಒಳ್ಳೆ ಪಾಲಿಶ್ ಇದೆ. ಹಿಂದುಗಡೆ ಉಬ್ಬಿಕೊಂಡಿದೆ. ಹೆಬ್ಬೆರಳು ಇಡಲು ಒಂದು ತಗ್ಗು. ನನ್ನ ಹೆಬ್ಬೆರಳು ಅಲ್ಲಿಗೆ ಮುಟ್ಟುವುದಿಲ್ಲ.

ಮಂಜೇಶ್ವರ ಹವಾಲ್ದಾರ್:
ಒಂದು ನಿಮಿಷ. ಹಿಂದುಗಡೆ ಉಬ್ಬಿದೆ ಎಂದರೆ? ಲೋಹದ ಬೆನ್ನು ಕಾಣುತ್ತದೆಯೇ, ಇಲ್ಲ ಮರ ಅದನ್ನು ಮುಚ್ಚಿಕೊಂಡಿದೆಯೇ?

ಬದಿಯಡ್ಕದ ಅಡಿಕೆ:
ಮುಚ್ಚಿದೆ. ಲೋಹ ಕಾಣುವುದಿಲ್ಲ.

ಮಂಜೇಶ್ವರ ಹವಾಲ್ದಾರ್:
ನಾನು ನೋಡಿದ ಆ ಕಾನ್ಪುರದ ಮಾದರಿಗಳಲ್ಲಿ ಎರಡು ಬದಿಗೆ ಎರಡು ತೆಳು ಹೋಳು ಇರುತ್ತದೆ, ಹಿಂದೆ ಲೋಹ ಬರಿದಾಗಿ ಕಾಣುತ್ತದೆ. ನೀವು ಹೇಳುವುದು ಆಮೇಲೆ ಯಾರೋ ಹಾಕಿಸಿದ್ದು. ಅಪ್ಪನ ಕೈ ದೊಡ್ಡದಿತ್ತೇ?

ಕೇಪಿನ ಕೋವಿ:
ಇದು ಬದಿಯಡ್ಕದ ಯಾವ ಮನೆ ಅಂತ ನನಗೆ ಅಂದಾಜಾಯಿತು. ಹೆಸರು ಹೇಳುವುದಿಲ್ಲ. ಅವರ ಅಪ್ಪ ಒಂದೇ ಕೈಯಲ್ಲಿ ಐದು ತೆಂಗಿನಕಾಯಿ ಎತ್ತುತ್ತಿದ್ದರು.

ಬದಿಯಡ್ಕದ ಅಡಿಕೆ:
ಅಜ್ಜ! ಹೌದು. ಅವರ ಅಂಗೈಯಲ್ಲಿ ನನ್ನ ಎರಡೂ ಕೈ ಮುಚ್ಚಿಹೋಗುತ್ತಿತ್ತು.

ಈಗ ನೆನಪಾಗುತ್ತಿದೆ. ನಾನು ಆರೋ ಏಳೋ ಕ್ಲಾಸಿನಲ್ಲಿ ಇರುವಾಗ ಮನೆಗೆ ಬಾಗಿಲು ಮಾಡಲು ಆಚಾರಿ ಬಂದು ಒಂದು ತಿಂಗಳು ಇದ್ದರು. ಹಲಸಿನ ಮರ ಕೊಯ್ದು ಬಾಗಿಲು ಮಾಡಿದ್ದು. ಒಂದು ಮಧ್ಯಾಹ್ನ ಅಪ್ಪ ಸಾಬೂನಿನ ಮುದ್ದೆಯನ್ನು ಹಿಚುಕಿ ಹಿಡಿದು ಆಚಾರಿಗೆ ಕೊಟ್ಟಿದ್ದರು, ಅದರಲ್ಲಿ ಅವರ ಬೆರಳಚ್ಚು ಮೂಡಿತ್ತು. ನಾವು ಅದನ್ನು ಆಟ ಅಂದುಕೊಂಡಿದ್ದೆವು. ಅಮ್ಮ ಒಳ್ಳೆ ಸಾಬೂನು ಹಾಳು ಮಾಡಿದಿರಿ ಅಂತ ಬೈದಿದ್ದರು.

ಹಲಸಿನ ತಿರುಳಿನ ಬಣ್ಣ ಇದು. ನಮ್ಮ ಬಾಗಿಲಿನ ಬಣ್ಣವೇ.

ಹತ್ತು ಮೀಟರ್:
ಸಾಬೂನಿನಲ್ಲಿ ಅಚ್ಚು! ಅಕ್ಕ, ನಮ್ಮಲ್ಲಿ ಈಗ ಅದನ್ನೇ ಕೈಯನ್ನು ಸ್ಕ್ಯಾನ್ ಮಾಡಿ ಮಾಡಿಸುತ್ತಾರೆ, ಸಾವಿರಾರು ರೂಪಾಯಿ ಕೊಟ್ಟು.

ಮಂಜೇಶ್ವರ ಹವಾಲ್ದಾರ್:
ಹಾಗಿದ್ದರೆ ನಿಮ್ಮ ಕೈಯಲ್ಲಿರುವುದು ಇನ್ನೊಬ್ಬರ ಕೈಯ ಅಳತೆಗೆ ಹೊಲಿದ ಅಂಗಿ. ಹಿಂದಿನ ಉಬ್ಬು ಅರ್ಧ ಇಂಚು ಇದ್ದರೂ ಟ್ರಿಗರ್ ಅಷ್ಟು ದೂರ ಹೋಯಿತು. ಹಳೆಯ ಹೋಳುಗಳು ಮನೆಯಲ್ಲಿ ಇರಬೇಕು, ಆ ಕಾಲದವರು ಏನನ್ನೂ ಬಿಸಾಡುವುದಿಲ್ಲ. ಹುಡುಕಿ. ಸಿಗದಿದ್ದರೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಹೇಳಿ. ನೀವೇ ಅರ ಹಿಡಿದು ಕೂರಬೇಡಿ, ಹಿಡಿಯ ಒಳಗೆ ಸ್ಪ್ರಿಂಗ್ ಇರುತ್ತದೆ. ನಳಿಗೆ, ಸಿಲಿಂಡರ್‌ಗಳನ್ನು ಯಾರೂ ಮುಟ್ಟಬಾರದು, ನಳಿಗೆ ಕತ್ತರಿಸುವುದು ಅಪರಾಧ. ಹಿಡಿಯ ಹೋಳು ಬದಲಿಸುವುದು ಆ ಸಾಲಿಗೆ ಸೇರಿದ್ದಲ್ಲ.

ಹೊಸಂಗಡಿ ಹೋಟೆಲ್:
ನಾನು .32 ಪಿಸ್ತೂಲು ಇಟ್ಟಿದ್ದೇನೆ, ಅಶನಿ. ಅದರ ಬಗ್ಗೆ ಯಾರೂ ಹೇಳಲಿಲ್ಲ. ಎಂಟು ತೋಟೆ, ಒಂದರ ಮೇಲೊಂದು ಒಂದೇ ಸಾಲು, ಹಾಗಾಗಿ ಹಿಡಿ ಚಪ್ಪಟೆ. ನನ್ನ ಹೆಂಡತಿಯ ಕೈಗೂ ಚೆನ್ನಾಗಿ ಕೂರುತ್ತದೆ. ಆದರೆ ಸ್ಲೈಡ್, ಅಂದರೆ ತೋಟೆ ಒಳಗೆ ಹಾಕಲು ಹಿಂದಕ್ಕೆ ಎಳೆಯುವ ಮೇಲಿನ ಭಾಗ, ಅದನ್ನು ಎಳೆಯಲು ಅವಳಿಗೆ ಆಗುವುದಿಲ್ಲ. ಇಡ್ಲಿ ಹಿಟ್ಟು ರುಬ್ಬುವ ಕೈ ಅವಳದ್ದು, ಬಲಕ್ಕೆ ಕಡಿಮೆ ಇಲ್ಲ.

ಮಂಜೇಶ್ವರ ಹವಾಲ್ದಾರ್:
ಒಳ್ಳೆ ಮಾತು ಎತ್ತಿದಿರಿ. ಪಿಸ್ತೂಲು ಸಣ್ಣದಾದಷ್ಟು ಸ್ಲೈಡ್ ಮೆತ್ತಗೆ ಇರುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ಉಲ್ಟಾ. .32 ಪಿಸ್ತೂಲುಗಳು ಬ್ಲೋಬ್ಯಾಕ್. ಅಂದರೆ ಈಡು ಹಾರುವಾಗ ಸ್ಲೈಡನ್ನು ತಡೆದು ಹಿಡಿಯುವ ಕೊಂಡಿ ಇರುವುದಿಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿ, ಇವೆರಡೇ ಅದನ್ನು ಮುಚ್ಚಿ ಹಿಡಿಯುವುದು. ಸ್ಲೈಡ್ ಸಣ್ಣದಾದರೆ ತೂಕ ಕಡಿಮೆ, ಆಗ ಸ್ಪ್ರಿಂಗ್ ಗಟ್ಟಿ ಮಾಡಲೇಬೇಕು. ಎಳೆಯಲು ಒಂದು ಉಪಾಯ ಇದೆ. ಪಿಸ್ತೂಲನ್ನು ಹೊಟ್ಟೆಯ ಹತ್ತಿರ ತಂದು, ಎಡ ಅಂಗೈಯಿಂದ ಸ್ಲೈಡಿನ ಹಿಂಭಾಗವನ್ನು ಮೇಲಿನಿಂದ ಪೂರ್ತಿ ಹಿಡಿದು ಅಲ್ಲೇ ನಿಲ್ಲಿಸಿ, ಬಲಗೈಯನ್ನು ಮುಂದಕ್ಕೆ ತಳ್ಳಬೇಕು. ಎಳೆಯುವುದಲ್ಲ, ತಳ್ಳುವುದು. ಎರಡು ಬೆರಳಿನಲ್ಲಿ ಚಿವುಟಿ ಎಳೆದರೆ ಪೈಲ್ವಾನನಿಗೂ ಕಷ್ಟ. ನಳಿಗೆಯ ಮುಖ ಎತ್ತ ಇದೆ ಎಂಬ ಎಚ್ಚರ ಮಾತ್ರ ತಪ್ಪಬಾರದು, ಹೊಟ್ಟೆ ಹತ್ತಿರ ತಂದಾಗ ಜನ ಪಕ್ಕಕ್ಕೆ ತಿರುಗಿಸಿಬಿಡುತ್ತಾರೆ.

ಇನ್ನೊಂದು, ಪಿಸ್ತೂಲಿನ .32 ತೋಟೆಯೂ ರಿವಾಲ್ವರಿನ .32 ತೋಟೆಯೂ ಒಂದೇ ಅಲ್ಲ. ರಿವಾಲ್ವರಿನದ್ದು ಉದ್ದ, ಬುಡದಲ್ಲಿ ಅಂಚು ಇರುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ. ಅಕ್ಕ ಪಿಸ್ತೂಲಿಗೆ ಬದಲಾದರೆ ಇರುವ ತೋಟೆ ಯಾವುದಕ್ಕೂ ಆಗುವುದಿಲ್ಲ.

ಹೊಸಂಗಡಿ ಹೋಟೆಲ್:
ಈಗಷ್ಟೇ ಹೆಂಡತಿಗೆ ಖಾಲಿ ಪಿಸ್ತೂಲಿನಲ್ಲಿ ತಳ್ಳುವುದನ್ನು ಹೇಳಿಕೊಟ್ಟೆ. ಮೂರನೇ ಸಲಕ್ಕೆ ಆಯಿತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ನನಗೇ ಬೈಗುಳ.

ಯೂಟ್ಯೂಬ್ ಭಾವ:
ಪ್ರಬಲ್ ಅಂತ ಹೊಸದು ಬಂದಿದೆಯಲ್ಲ? ಅದಾದರೂ ನಮ್ಮ ದೇಶದ್ದೇ. ಈ ಸಲ ಓದಿಕೊಂಡು ಬಂದಿದ್ದೇನೆ.

ಮಂಜೇಶ್ವರ ಹವಾಲ್ದಾರ್:
ಭೇಷ್. 2023ರ ಆಗಸ್ಟಿನಲ್ಲಿ ಬಿಡುಗಡೆ ಆಯಿತು. ಕಾನ್ಪುರದ್ದೇ, .32. ನಳಿಗೆ 76 ಮಿಲಿಮೀಟರ್, ತೂಕ 700 ಗ್ರಾಮ್ ಆಸುಪಾಸು. ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ನಡುವೆ ಮಡಚಬೇಕಿಲ್ಲ. ಹೊಸದಾಗಿ ಕೊಳ್ಳುವವರು ನೋಡಬಹುದು. ಆದರೆ ಅದನ್ನೂ ಕೈಯಲ್ಲಿ ಹಿಡಿದು, ಬೆರಳು ಎಲ್ಲಿ ಕೂರುತ್ತದೆ ನೋಡಿಯೇ ಕೊಳ್ಳಬೇಕು. ಕಾಗದದ ಮೇಲಿನ ಅಳತೆಯಲ್ಲಿ ಟ್ರಿಗರ್ ದೂರ ಬರೆದಿರುವುದಿಲ್ಲ.

ಬದಿಯಡ್ಕದ ಅಡಿಕೆ:
ಸಿಕ್ಕಿತು!

ಅಪ್ಪನ ಗೋದ್ರೇಜ್ ಕಪಾಟಿನಲ್ಲಿ, ತೋಟದ ಪಟ್ಟೆಯ ಕಡತದ ಅಡಿಯಲ್ಲಿ, ಬೀಡಿ ಕಟ್ಟಿನ ಕಾಗದದಲ್ಲಿ ಸುತ್ತಿಟ್ಟಿದ್ದರು. ಎರಡು ಕಪ್ಪು ಹೋಳು, ಒಂದು ಸ್ಕ್ರೂ. ನಾಳೆ ಗನ್‌ಸ್ಮಿತ್ ಹತ್ತಿರ ಹೋಗುತ್ತೇನೆ.

ಹತ್ತು ಮೀಟರ್:
ಅಕ್ಕ, ಹಾಕಿಸಿದ ಮೇಲೆ ಮತ್ತೆ ಬೆರಳು ಎಲ್ಲಿ ಕೂರುತ್ತದೆ ಬರೆಯಿರಿ. ಒಂದು ಏರ್ ಪಿಸ್ತೂಲೂ ತೆಗೆದುಕೊಳ್ಳಿ ಅಂತ ನನ್ನ ಆಸೆ. .177 ಬೋರಿನ, ಪೆಲೆಟ್ಟಿನ ಶಕ್ತಿ 20 ಜೂಲ್ ಮೀರದ ಏರ್ ಗನ್ನಿಗೆ 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಲೈಸೆನ್ಸ್ ಬೇಕಿಲ್ಲ. ಒಂದು ಡಬ್ಬ ಪೆಲೆಟ್ ತಂದರೆ ತಿಂಗಳುಗಟ್ಟಲೆ ಅಭ್ಯಾಸ. ಅಡಿಕೆ ಒಣಗಿಸುವ ಅಂಗಳ ಹತ್ತು ಮೀಟರ್ ಇರಲೇಬೇಕಲ್ಲ, ಹಿಂದೆ ಗಟ್ಟಿ ಗೋಡೆ ಇದ್ದರೆ ಸಾಕು. ಮಂಗನಿಗೆ ಮಾತ್ರ ಹೊಡೆಯಬೇಡಿ.

ಕೇಪಿನ ಕೋವಿ:
ಮಂಗನಿಗೆ ಹೊಡೆದರೆ ಅದು ನಾಳೆ ಹತ್ತು ಜನರನ್ನು ಕರೆದುಕೊಂಡು ಬರುತ್ತದೆ. ಕಾನೂನೂ ಬಿಡುವುದಿಲ್ಲ.

ಬದಿಯಡ್ಕದ ಅಡಿಕೆ:
ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಅಡಿಕೆ ಸುಲಿಯುವವರು ಬಂದಿದ್ದರು.

ಹಳೇ ಹೋಳು ಹಾಕಿಸಿದೆ. ಹತ್ತು ನಿಮಿಷದ ಕೆಲಸ. ಬೇರೆ ರಿವಾಲ್ವರೇ ಆಗಿಬಿಟ್ಟಿತು. ತೋರುಬೆರಳಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಬರುತ್ತದೆ, ಆದರೆ ಪೂರ್ತಿ ನಡುವೆ ಅಲ್ಲ. ಒಂದು ಅಕ್ಕಿಕಾಳಿನಷ್ಟು ತುದಿಯ ಕಡೆಗೆ. ಕುದುರೆಯನ್ನು ಹಿಂದಕ್ಕೆ ಎಳೆದು ಇಟ್ಟರೆ ಟ್ರಿಗರ್ ತಾನೇ ಹಿಂದೆ ಬರುತ್ತದೆ, ಆಗ ಬೆರಳು ಸರಿಯಾಗಿ ಕೂರುತ್ತದೆ. ರೇಂಜಿಗೆ ಹೋದೆ, ಕುದುರೆ ಎಳೆದು ಆರು, ಎಳೆಯದೆ ಆರು. ಮೊದಲ ಆರರಲ್ಲಿ ಐದು ಕಪ್ಪು ವೃತ್ತದೊಳಗೆ. ಎರಡನೇ ಆರರಲ್ಲಿ ಎಲ್ಲ ಕಾಗದಕ್ಕೆ ಬಿತ್ತು, ಎರಡು ಸ್ವಲ್ಪ ಎಡಕ್ಕೆ. ಹೆಬ್ಬೆರಳು ನೋಯಲಿಲ್ಲ.

ಹಾಗಾದರೆ ಯಾವಾಗಲೂ ಕುದುರೆ ಎಳೆದೇ ಹೊಡೆಯಬಹುದಾ?

ಮಂಜೇಶ್ವರ ಹವಾಲ್ದಾರ್:
ಗುರಿಹಲಗೆಗೆ ಆಗಬಹುದು. ಮನೆಯಲ್ಲಿ ರಾತ್ರಿ ಹೊತ್ತಿಗೆ ಬೇಡ. ಕುದುರೆ ಎಳೆದಿಟ್ಟ ರಿವಾಲ್ವರಿನ ಟ್ರಿಗರ್ ತುಂಬಾ ಹಗುರ. ಕೈ ನಡುಗುತ್ತಿರುವಾಗ, ಕತ್ತಲಲ್ಲಿ, ಬಂದದ್ದು ಕಳ್ಳನಲ್ಲ ಕರೆಂಟು ಹೋದದ್ದಕ್ಕೆ ಮೇಣದ ಬತ್ತಿ ಕೇಳಲು ಬಂದ ಆಳು ಎಂದು ಗೊತ್ತಾದಾಗ, ಆ ಕುದುರೆಯನ್ನು ಈಡು ಹಾರಿಸದೆ ಮೆಲ್ಲ ಕೆಳಗಿಳಿಸಬೇಕು. ಬೆವರಿದ ಹೆಬ್ಬೆರಳಿನಿಂದ. ಜಾರಿದರೆ ಮುಗಿಯಿತು. ಹಾಗಾಗಿ ಅಕ್ಕಿಕಾಳಿನಷ್ಟು ಕೊರತೆ ಇದ್ದರೂ ಎಳೆಯದೆಯೇ ಅಭ್ಯಾಸ ಮಾಡಿ. ಬೆರಳಿಗೆ ಬಲ ಬಂದ ಹಾಗೆ ಆ ಎರಡು ಈಡೂ ನಡುವಿಗೆ ಬರುತ್ತವೆ. ತೋಟೆ ಖರ್ಚು ಬೇಡ ಅಂದರೆ ಮದ್ದಿಲ್ಲದ ಡಮ್ಮಿ ತೋಟೆ ಸಿಗುತ್ತದೆ, ದಿನಕ್ಕೆ ಇಪ್ಪತ್ತು ಸಲ ಎಳೆಯಿರಿ. ನಳಿಗೆಯ ತುದಿಯಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟುಕೊಳ್ಳಿ. ಅದು ಬೀಳಬಾರದು.

ಬದಿಯಡ್ಕದ ಅಡಿಕೆ:
ಇವತ್ತು ಇಪ್ಪತ್ತರಲ್ಲಿ ಹದಿನೇಳು ಸಲ ಬಿತ್ತು. ನಾಯಿ ಪ್ರತಿ ಸಲವೂ ಎದ್ದು ನಾಣ್ಯ ಹುಡುಕಿಕೊಡುತ್ತಿದೆ. ಕಾಲು ನೆಕ್ಕುವ ನಾಯಿಗೂ ಒಂದು ಕೆಲಸ ಸಿಕ್ಕಿತು ಅತ್ತೆ.

ಪೆರ್ಲದ ಅತ್ತೆ:
ಆ ಹಲಸಿನ ಹಿಡಿ ಏನು ಮಾಡಿದೆ? ಬಿಸಾಡಬೇಡ ಮತ್ತೆ.

ಬದಿಯಡ್ಕದ ಅಡಿಕೆ:
ಅದೇ ಬೀಡಿ ಕಾಗದದಲ್ಲಿ ಸುತ್ತಿ ಅದೇ ಕಡತದ ಅಡಿಯಲ್ಲಿ ಇಟ್ಟಿದ್ದೇನೆ ಅತ್ತೆ. ಡೀಲರಿಗೆ ಫೋನ್ ಮಾಡಿ ಹೊಸದು ಬೇಡ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ಹಾಗಾದರೆ ಡಮ್ಮಿ ತೋಟೆ ಎಷ್ಟು ಬೇಕು ಅಂತ ಕೇಳಿದರು.